ರೈಫೈಸನ್ ಸಾಹೇಬರು: ನಂಬಿಕೆಯನ್ನೇ ಬಂಡವಾಳ ಮಾಡಿದವರು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ವೇಳೆಯಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಕಾರ್ಯದರ್ಶಿಗಳು ಮೂರು ಸಲ ನಮ್ಮ ಮನೆ ಬಾಗಿಲಿಗೆ ಬಂದರು. ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಬರೆಯುತ್ತಾರೆ. ಅಂಕಿ ಅಂಶ ಕಾರ್ಯದರ್ಶಿಗಳ ಕೈಯಲ್ಲೇ ಇದೆ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದ ನಾವು ಬರೆಯೋದಾದರೂ ಏನು ಎಂದು ಯೋಚನೆ ಮಾಡುತ್ತಾ ಕೂತಾಗ ನೆನಪಿಗೆ ಬಂದದ್ದು ಒಂದು ಫೋಟೋ.

ನಿರ್ದೇಶಕರಾಗಿ ಆಯ್ಕೆಯಾದ ಹೊಸದರಲ್ಲಿ ನಮ್ಮನ್ನು ತರಬೇತಿಗೆ ಕಳಿಸಿದ್ದರು. ಅಲ್ಲಿನ ಗೋಡೆ ಮೇಲೆ ಗಾಂಧೀಜಿ, ನೆಹರೂ ಅವರ ಸಾಲಿನಲ್ಲಿ ಗಡ್ಡ ಬಿಟ್ಟ ಒಬ್ಬ ಪರದೇಶದವರ ಪಟವಿತ್ತು. ಯಾರೋ ಬ್ರಿಟಿಷ್ ಕಲೆಕ್ಟರ್ ಇರಬೇಕು ಅಂದುಕೊಂಡಿದ್ದೆವು. ಮೇಷ್ಟ್ರು ಹೇಳಿದ ಮೇಲೆ ತಿಳಿಯಿತು, ಅವರು ಜರ್ಮನಿ ದೇಶದವರು, ಹೆಸರು ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್. ಹೆಸರು ನಾಲಿಗೆಗೆ ಹೊರಳಲು ಎರಡು ದಿನ ಬೇಕಾಯಿತು. ಆದರೆ ಹಳ್ಳಿಯ ರೈತರೆಲ್ಲ ಸೇರಿ ಒಂದು ಸಾಲದ ಸಂಘ ಮಾಡಿಕೊಳ್ಳಬಹುದು ಎಂದು ಮಾಡಿ ತೋರಿಸಿದವರು ಅವರೇ. ಅವರು ಅದನ್ನು ಲಾಭಕ್ಕಾಗಿ ಮಾಡಲಿಲ್ಲ, ರಾಜಕೀಯಕ್ಕೂ ಮಾಡಲಿಲ್ಲ. ತಾವು ನಂಬಿದ ಯೇಸುಸ್ವಾಮಿಯ ಮಾತನ್ನು ಬಾಳಿ ತೋರಿಸಬೇಕೆಂದು ಮಾಡಿದರು. ನಮ್ಮ ಬಹುಪಾಲು ಸದಸ್ಯರು ಬೇರೆ ದೇವರಿಗೆ ದೀಪ ಹಚ್ಚುವವರು. ಆದರೂ ಈ ಕಥೆ ನಮ್ಮೆಲ್ಲರಿಗೂ ಸೇರಿದ್ದು ಎಂದು ನಮಗೆ ಅನಿಸಿತು.

ಅವರು ಹುಟ್ಟಿದ್ದು 1818ರ ಮಾರ್ಚ್ 30ರಂದು, ಜರ್ಮನಿಯ ಹಾಮ್ ಎಂಬ ಊರಿನಲ್ಲಿ. ಸೀಗ್ ನದಿ ದಂಡೆಯ ಊರು. ಆ ಸೀಮೆಗೆ ವೆಸ್ಟರ್‌ವಾಲ್ಡ್ ಎನ್ನುತ್ತಾರೆ. ಗುಡ್ಡಗಾಡು, ಚಳಿ, ತೆಳು ಮಣ್ಣು, ತುಂಡು ಹಿಡುವಳಿ. ಒಂಬತ್ತು ಮಕ್ಕಳಲ್ಲಿ ಇವರು ಏಳನೆಯವರು. ತಂದೆ ಬೇಸಾಯಗಾರರು, ಕೆಲವು ಕಾಲ ಊರಿನ ಮೇಯರ್ ಕೂಡ ಆಗಿದ್ದರು. ಆದರೆ ಮನೆಗೆ ಅವರ ಆಸರೆ ಬೇಗನೆ ತಪ್ಪಿತು. ತಾಯಿಯೇ ಮಕ್ಕಳನ್ನು ಸಾಕಿದರು. ದೊಡ್ಡ ಶಾಲೆಗೆ ಕಳಿಸಲು ಅನುಕೂಲವಿರಲಿಲ್ಲ. ಊರಿನ ಚರ್ಚಿನ ಪಾದ್ರಿಗಳು ಹುಡುಗನನ್ನು ಕೂರಿಸಿಕೊಂಡು ಪಾಠ ಹೇಳಿದರು. ಓದು, ಲೆಕ್ಕ, ದೇವರ ಭಯ ಮೂರೂ ಒಂದೇ ಮಣೆಯ ಮೇಲೆ ಬಂದವು.

ಹದಿನೇಳನೇ ವಯಸ್ಸಿಗೆ ಸೈನ್ಯಕ್ಕೆ ಸೇರಿದರು. ಫಿರಂಗಿ ದಳ. ಅಲ್ಲೇ ಮೇಲೆ ಬರಬಹುದಿತ್ತು, ಆದರೆ ಕಣ್ಣಿನ ರೋಗ ಅಂಟಿಕೊಂಡಿತು. 1843ರಲ್ಲಿ ಸೈನ್ಯ ಬಿಟ್ಟು ಸರ್ಕಾರದ ಆಡಳಿತ ಕೆಲಸಕ್ಕೆ ಬಂದರು. 1845ರಲ್ಲಿ ವೈಯರ್‌ಬುಷ್ ಎಂಬಲ್ಲಿಗೆ ಮೇಯರ್ ಆಗಿ ಹಾಕಿದರು. ಮೇಯರ್ ಎಂದರೆ ನಮ್ಮ ಮಹಾನಗರ ಪಾಲಿಕೆಯ ಮೇಯರ್ ಥರ ಹಾರ ಹಾಕಿಸಿಕೊಳ್ಳುವ ಕೆಲಸ ಅಲ್ಲ. ಇಪ್ಪತ್ತಕ್ಕೂ ಹೆಚ್ಚು ಬಡ ಹಳ್ಳಿಗಳನ್ನು ನೋಡಿಕೊಳ್ಳುವ ನೌಕರಿ. ಅದೇ ವರ್ಷ ಎಮಿಲಿ ಎಂಬುವರನ್ನು ಮದುವೆಯಾದರು. ಆಗ ಅವರಿಗೆ 27 ವಯಸ್ಸು.

ಬಂದ ಮರುವರ್ಷವೇ ಬರ. ಆಲೂಗೆಡ್ಡೆಗೆ ರೋಗ ಬಿದ್ದಿತ್ತು. 1846ರಲ್ಲಿ ಧಾನ್ಯದ ಬೆಳೆಯೂ ಕೈಕೊಟ್ಟಿತು. ನಮಗೆ ರಾಗಿ ಹೇಗೋ ಅವರಿಗೆ ಆಲೂಗೆಡ್ಡೆ ಮತ್ತು ರೈ ಎಂಬ ಧಾನ್ಯದ ರೊಟ್ಟಿ ಹಾಗೆ. ಅದೆರಡೂ ಹೋದರೆ ಉಳಿಯೋದೇನು? 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗೆಟ್ಟರು. ಸರ್ಕಾರದಿಂದ ಹಿಟ್ಟು ಬಂತು, ಆದರೆ ನಗದು ಕೊಟ್ಟವರಿಗೆ ಮಾತ್ರ ಕೊಡಬೇಕು ಎಂಬ ಷರತ್ತು ಇತ್ತು. ಕೈಯಲ್ಲಿ ಕಾಸಿಲ್ಲದವನಿಗೆ ತಾನೇ ಹಸಿವು? ಆ ಷರತ್ತನ್ನು ರೈಫೈಸನ್ನರು ಪಾಲಿಸಲಿಲ್ಲ. ನೌಕರಿ ಹೋದರೆ ಹೋಗಲಿ ಎಂದು ಹಿಟ್ಟನ್ನು ಉದ್ರಿಯಾಗಿ ಹಂಚಿದರು. ಊರಿನ ಉಳ್ಳವರ ಮನೆಗಳಿಗೆ ಹೋಗಿ ಹಣ ಕೂಡಿಸಿ ಒಂದು ರೊಟ್ಟಿ ಸಂಘ ಮಾಡಿದರು. ಊರೊಟ್ಟಿನ ಒಲೆ ಹಾಕಿಸಿ ರೊಟ್ಟಿ ಬೇಯಿಸಿ ಪೇಟೆಯ ಧಾರಣೆಯ ಸುಮಾರು ಅರ್ಧಕ್ಕೆ ಕೊಟ್ಟರು. ಆಗ ಕೊಳ್ಳಲಾಗದವನು ಬೆಳೆ ಬಂದ ಮೇಲೆ ಕೊಟ್ಟರಾಯಿತು. ವಸಂತ ಬಂದಾಗ ಬಿತ್ತನೆಗೆ ಆಲೂಗೆಡ್ಡೆಯನ್ನೂ ಅದೇ ಸಂಘ ತರಿಸಿಕೊಟ್ಟಿತು. ಬೀಜ ಇಲ್ಲದೆ ಕೂತ ರೈತನ ಸಂಕಟ ಏನು ಎಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಅವರು ರೊಟ್ಟಿ ಹಂಚಿ ಕೂತವರಲ್ಲ. ಶಾಲೆ ಕಟ್ಟಿಸಿದರು. ಗುಡ್ಡದ ಹಳ್ಳಿಗಳಿಂದ ರೈನ್ ನದಿ ಕಡೆಗೆ ರಸ್ತೆ ಮಾಡಿಸಿದರು. ರಸ್ತೆ ಇಲ್ಲದಿದ್ದರೆ ಬೆಳೆದ ಮಾಲು ಮನೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ ರೇಟಿಗೆ ಹೋಗುತ್ತದೆ. ಆ ರಸ್ತೆಯನ್ನು ಇವತ್ತಿಗೂ ಅಲ್ಲಿ ಅವರ ಹೆಸರಿನಲ್ಲೇ ಕರೆಯುತ್ತಾರೆ.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬ ಕಡೆಗೆ ವರ್ಗವಾಯಿತು. ಅಲ್ಲಿ ಕಂಡದ್ದು ಬಡ್ಡಿ ಸಾಲದ ಕಾಟ. ದನದ ವ್ಯಾಪಾರಿ ಒಂದು ಹಸುವನ್ನು ಬಡ ರೈತನ ಕೊಟ್ಟಿಗೆಗೆ ಕಟ್ಟುತ್ತಿದ್ದ. ಹುಲ್ಲು ಹಾಕೋದು, ಸಗಣಿ ಬಾಚೋದು ರೈತ. ಒಡೆತನ ಮಾತ್ರ ವ್ಯಾಪಾರಿಯದು. ಹಸು ಮೈ ತುಂಬಿಕೊಂಡು ಕರು ಹಾಕುವ ಹೊತ್ತಿಗೆ ಬಂದು ಬಿಚ್ಚಿಕೊಂಡು ಹೋಗಿ ಬಡಕಲು ಹಸು ಕಟ್ಟಿದರೂ ಕೇಳುವವರಿಲ್ಲ. ನಮ್ಮಲ್ಲಿ ಪಾಲಿಗೆ ಸಾಕುವುದರಲ್ಲಾದರೂ ಒಂದು ನ್ಯಾಯವಿದೆ. 1849ರ ಡಿಸೆಂಬರಿನಲ್ಲಿ ರೈಫೈಸನ್ನರು ಅನುಕೂಲಸ್ಥರಾದ ಸುಮಾರು ಅರವತ್ತು ಜನರನ್ನು ಸೇರಿಸಿ ಬಡ ರೈತರಿಗೆ ನೆರವಿನ ಸಂಘ ಕಟ್ಟಿದರು. ಆ ಅರವತ್ತು ಮಂದಿ ತಮ್ಮ ಆಸ್ತಿಯನ್ನೆಲ್ಲ ಹೊಣೆಗೆ ಒಡ್ಡಿ ಹಣ ತಂದರು. ಸಂಘವೇ ದನ ಕೊಂಡು ರೈತನಿಗೆ ಕೊಟ್ಟಿತು, ರೈತ ಐದು ವರ್ಷದ ಕಂತಿನಲ್ಲಿ ತೀರಿಸಿದರಾಯಿತು, ಹಸು ಅವನದೇ. ಆಮೇಲೆ ಕೈಗೆ ಹಣದ ಸಾಲವನ್ನೂ ಕೊಡತೊಡಗಿದರು.

1852ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬ ಊರಿಗೆ ಬಂದರು. 1854ರಲ್ಲಿ ಅಲ್ಲಿಯೂ ಒಂದು ಸಂಘ. ಅದರ ಉದ್ದೇಶಗಳನ್ನು ಓದಿದರೆ ಇಷ್ಟು ಕೆಲಸ ಒಂದೇ ಸಂಘ ಮಾಡಕ್ಕಾಗುತ್ತಾ ಅನ್ನಿಸುತ್ತದೆ. ದಿಕ್ಕಿಲ್ಲದ ಮಕ್ಕಳ ಪಾಲನೆ, ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ, ಪುಸ್ತಕ ಭಂಡಾರ, ರೈತರಿಗೆ ಸಾಲ. ಹಸಿದವನಿಗೆ ಕೊಟ್ಟಿದ್ದು, ಸೆರೆಯಲ್ಲಿದ್ದವನಿಗೆ ಮಾಡಿದ್ದು ತನಗೇ ಮಾಡಿದ ಹಾಗೆ ಎಂದು ಯೇಸುಸ್ವಾಮಿ ಹೇಳಿದ್ದಾರೆಂದು ಅವರ ಧರ್ಮಗ್ರಂಥದಲ್ಲಿ ಇದೆಯಂತೆ. ಅದನ್ನೇ ಇವರು ಸಂಘದ ಬೈಲಾ ಮಾಡಿಕೊಂಡ ಹಾಗಿದೆ.

ಆದರೆ ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ಕಹಿ ಸತ್ಯ ಗೊತ್ತಾಯಿತು. ಶ್ರೀಮಂತರ ಧರ್ಮಬುದ್ಧಿ ಬಹಳ ದಿನ ಬಾಳುವುದಿಲ್ಲ. ಮೊದಲ ಹುರುಪು ಇಳಿದ ಮೇಲೆ ಒಬ್ಬೊಬ್ಬರೇ ಜಾರಿಕೊಂಡರು. ಸಾಲ ತಗೊಳ್ಳುವವನು ಒಬ್ಬ, ಹೊಣೆ ಹೊರುವವನು ಇನ್ನೊಬ್ಬ ಎಂದರೆ ಹೀಗೇ ತಾನೇ ಆಗೋದು. ಆ ಕಾಲದಲ್ಲೇ ಪಟ್ಟಣದ ಕಸುಬುದಾರರಿಗೆ ಸಾಲದ ಸಂಘಗಳನ್ನು ಕಟ್ಟುತ್ತಿದ್ದ ಷುಲ್ಜ್ ಡೆಲಿಚ್ ಎಂಬುವರು ದಾನ ಬೇಡ, ಅವರವರ ಕಾಲ ಮೇಲೆ ಅವರೇ ನಿಲ್ಲಲಿ ಎಂದು ವಾದಿಸುತ್ತಿದ್ದರು. ಇಬ್ಬರಿಗೂ ಪತ್ರ ವ್ಯವಹಾರ ಇತ್ತು. ರೈಫೈಸನ್ನರು ಬೇಗ ಒಪ್ಪಲಿಲ್ಲ. ಉಳ್ಳವರು ಇಲ್ಲದವರಿಗೆ ನೆರವಾಗೋದು ದೇವರು ವಿಧಿಸಿದ ಕರ್ತವ್ಯ ಎಂಬುದು ಅವರ ಪಟ್ಟು. ಕೊನೆಗೆ 1864ರಲ್ಲಿ ಹೆಡ್ಡೆಸ್‌ಡಾರ್ಫಿನ ಸಂಘವನ್ನು ಸಾಲದ ಸಂಘವಾಗಿ ಬದಲಾಯಿಸಿದರು. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು, ಎಲ್ಲರ ಸಾಲಕ್ಕೂ ಎಲ್ಲರೂ ಹೊಣೆ. ಹತ್ತು ಹದಿನೈದು ವರ್ಷ ತಾವು ನಂಬಿ ನಡೆದ ದಾರಿ ಸರಿಯಿಲ್ಲ ಎಂದು ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಹೋದ ತಿಂಗಳ ನಡಾವಳಿ ತಿದ್ದೋದಕ್ಕೇ ಎಷ್ಟು ಜಗಳ!

ಈ ಮಧ್ಯೆ ಅವರ ಮನೆಯ ಕಥೆ ಕೇಳಿ. ಏಳು ಮಕ್ಕಳಲ್ಲಿ ಮೂವರು ಎಳವೆಯಲ್ಲೇ ತೀರಿಹೋದರು. 1863ರಲ್ಲಿ ಹೆಂಡತಿ ಎಮಿಲಿಯೂ ಹೋದರು. ತಮಗೇ ಟೈಫಸ್ ಜ್ವರ ಬಂದು ಮೈ ಜರ್ಜರವಾಯಿತು. ಕಣ್ಣು ದಿನೇ ದಿನೇ ಮಂಕಾಯಿತು. 1865ರಲ್ಲಿ, 47ನೇ ವಯಸ್ಸಿಗೇ, ನೌಕರಿಯಿಂದ ನಿವೃತ್ತಿ. ಬಂದ ಪಿಂಚಣಿ ಮನೆ ನಡೆಸಲು ಸಾಲದು. ಸಾವಿರಾರು ರೈತರಿಗೆ ಸಾಲದ ದಾರಿ ತೋರಿದ ಮನುಷ್ಯ ಹೊಟ್ಟೆಪಾಡಿಗೆ ಒಂದು ಚುಟ್ಟದ ಕಾರ್ಖಾನೆ ಮಾಡಿದರು, ಆಮೇಲೆ ದ್ರಾಕ್ಷಾರಸದ ವ್ಯಾಪಾರ. ಕೈಗೆ ಬಂದ ಸಂಘದ ಹಣದಲ್ಲಿ ಒಂದು ಕಾಸು ತಮಗೆ ಅಂತ ಇಟ್ಟುಕೊಂಡಿದ್ದರೆ ಈ ಪಾಡು ಯಾಕೆ ಬರುತ್ತಿತ್ತು?

ನಾವಾಗಿದ್ದರೆ ದೇವರನ್ನೇ ಬೈಯುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಕೊಡುವವನೂ ಅವನೇ, ಕಸಿಯುವವನೂ ಅವನೇ, ತನ್ನ ಪಾಲಿನ ಕೆಲಸ ಮುಗಿಸುವಷ್ಟು ಶಕ್ತಿಯನ್ನು ಅವನು ಕೊಟ್ಟೇ ಕೊಡುತ್ತಾನೆ ಎಂಬ ಧೈರ್ಯದಲ್ಲಿ ಕೆಲಸ ಮುಂದುವರಿಸಿದರು. ನಿವೃತ್ತಿಯಾದ ಮರುವರ್ಷ, 1866ರಲ್ಲಿ, ಸಾಲದ ಸಂಘಗಳನ್ನು ಹೇಗೆ ಕಟ್ಟಬೇಕು, ಹೇಗೆ ಲೆಕ್ಕ ಇಡಬೇಕು ಎಂದು ಒಂದು ಪುಸ್ತಕ ಬಂತು. ಅಕ್ಷರ ಕಾಣದ ಅಪ್ಪ ಹೇಳುತ್ತಾ ಹೋದರು, ದೊಡ್ಡ ಮಗಳು ಅಮಾಲಿಯೆ ಬರೆಯುತ್ತಾ ಹೋದರು. ಅಪ್ಪನ ಕಾಗದ ಪತ್ರ ಓದೋದು, ಉತ್ತರ ಬರೆಯೋದು ಎಲ್ಲ ಆಕೆಯದೇ. ಆಕೆ ಮದುವೆಯನ್ನೂ ಆಗಲಿಲ್ಲ. ಸಹಕಾರದ ಚರಿತ್ರೆಯಲ್ಲಿ ಈ ಹೆಣ್ಣುಮಗಳ ಪಟವನ್ನು ಯಾರೂ ಗೋಡೆಗೆ ಹಾಕಿಲ್ಲ. ಹಾಕಬೇಕಿತ್ತು ಎಂದು ನಮ್ಮ ಅಭಿಪ್ರಾಯ.

ಅವರ ಸಂಘದ ಕಟ್ಟಳೆಗಳು ಸರಳ. ಸಂಘದ ವ್ಯಾಪ್ತಿ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವಷ್ಟೇ ದೊಡ್ಡದಿರಬೇಕು. ಸಾಲ ಯಾತಕ್ಕೆ ಎಂದು ಹೇಳಬೇಕು, ಅದಕ್ಕೇ ಬಳಸಬೇಕು. ಲೆಕ್ಕ ಬರೆಯುವವರಿಗೆ ಬಿಟ್ಟು ಉಳಿದ ಪದಾಧಿಕಾರಿಗಳಿಗೆ ಸಂಬಳ ಇಲ್ಲ. ಬಂದ ಲಾಭ ಹಂಚಿಕೊಳ್ಳುವ ಹಾಗಿಲ್ಲ, ಅದು ಆಪದ್ಧನಕ್ಕೆ ಸೇರಬೇಕು, ಆ ನಿಧಿಯನ್ನು ಯಾರೂ ಯಾವತ್ತೂ ಪಾಲು ಮಾಡಿಕೊಳ್ಳುವ ಹಾಗಿಲ್ಲ. ಷುಲ್ಜ್ ಅವರ ಕಡೆಯವರು ಷೇರು ಇರಲಿ, ಡಿವಿಡೆಂಡ್ ಇರಲಿ, ಸಾಲದ ಅವಧಿ ಚಿಕ್ಕದಿರಲಿ ಎನ್ನುತ್ತಿದ್ದರು. ಬೆಳೆ ಬರಲು ಕಾಯಬೇಕು, ದನ ಬೆಳೆಯಲು ವರ್ಷಗಳು ಬೇಕು, ಮೂರು ತಿಂಗಳ ಸಾಲ ತಗೊಂಡು ರೈತ ಏನು ಮಾಡಿಯಾನು ಎಂಬುದು ಇವರ ವಾದ. 1870ರ ದಶಕದಲ್ಲಿ ಈ ಜಗಳ ಜೋರಾಗಿ ನಡೆಯಿತು. ರೈತರ ವಿಷಯದಲ್ಲಿ ಇವರು ಹೇಳಿದ್ದೇ ಸರಿ ಎಂದು ನಮಗೆ ತೋರುತ್ತದೆ, ಡಿವಿಡೆಂಡ್ ವಿಷಯದಲ್ಲಿ ಮಾತ್ರ ನಮ್ಮ ಸದಸ್ಯರು ಷುಲ್ಜ್ ಅವರ ಕಡೆಯೇ ಇರಬಹುದು! ಹೋದ ವರ್ಷದ ಮಹಾಸಭೆಯನ್ನು ನೆನೆಸಿಕೊಳ್ಳಿ.

1872ರಲ್ಲಿ ಹಳ್ಳಿ ಸಂಘಗಳಿಗೆಲ್ಲ ಮೇಲೊಂದು ಬ್ಯಾಂಕು ಮಾಡಿದರು. ಒಂದು ಊರಿನಲ್ಲಿ ಮಿಗಿಲಾದ ಹಣ ಇನ್ನೊಂದು ಊರಿನ ಕೊರತೆಗೆ ಹೋಗಲಿ ಎಂದು. ನಮ್ಮ ಡಿ.ಸಿ.ಸಿ. ಬ್ಯಾಂಕು, ಅಪೆಕ್ಸ್ ಬ್ಯಾಂಕು ನಡೆಯುವುದು ಇದೇ ತತ್ವದ ಮೇಲೆ. 1877ರಲ್ಲಿ ಸಂಘಗಳ ಒಕ್ಕೂಟವೂ ಆಯಿತು. ವ್ಯವಹಾರ ದೊಡ್ಡದಾದ ಮೇಲೆ ಕೆಲವರು ಇದರಲ್ಲಿ ದೇವರ ಮಾತು ಯಾಕೆ, ಲೆಕ್ಕ ಸರಿ ಇದ್ದರೆ ಸಾಕಲ್ಲ ಎನ್ನತೊಡಗಿದರು. ಅವರು ಬಗ್ಗಲಿಲ್ಲ. ನೆರೆಯವನ ಮೇಲಿನ ಪ್ರೀತಿ ಒಣಗಿದರೆ ಸಂಘ ಬರೀ ಸಾಲದ ಅಂಗಡಿ ಆಗುತ್ತದೆ ಎಂಬುದು ಅವರ ತಿಳುವಳಿಕೆ. 1888ರ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಮೂರು ವಾರ ಇರುವಾಗ, ಹೆಡ್ಡೆಸ್‌ಡಾರ್ಫಿನಲ್ಲಿ ತೀರಿಕೊಂಡರು. ಆಗ ಅವರ ಒಕ್ಕೂಟದಲ್ಲಿ 423 ಸಂಘಗಳಿದ್ದವು.

ನಮ್ಮ ದೇಶಕ್ಕೆ ಇದು ಬಂದದ್ದು ಮದ್ರಾಸಿನ ಮೂಲಕ. ರೈತರ ಸಾಲದ ಉಪಾಯ ಹುಡುಕಲು ಮದ್ರಾಸ್ ಸರ್ಕಾರ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತ್ತು. ಅವರ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟವಾಗಿ ಬಂತು. ಅಷ್ಟು ದಪ್ಪ ವರದಿಯ ತಾತ್ಪರ್ಯ ಇಷ್ಟೇ, ಈ ದೇಶಕ್ಕೂ ಒಬ್ಬ ರೈಫೈಸನ್ ಬೇಕು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಆಯಿತು. ಹಳ್ಳಿ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯಗಾರರೇ ಇರಬೇಕು, ಹೊಣೆ ಅಪರಿಮಿತ ಎಂದು ಅದರಲ್ಲಿತ್ತು. ಎಲ್ಲ ಅದೇ ಜರ್ಮನಿ ಹಳ್ಳಿಯ ಮಾದರಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು. ಇವತ್ತು ಹೊಣೆ ಅಪರಿಮಿತ ಅಲ್ಲ. ನಮ್ಮ ಸಂಘದ ಬೋರ್ಡಿನ ಕೊನೆಗೆ ನಿಯಮಿತ ಎಂದು ಬರೆದಿದೆಯಲ್ಲ, ಅದರ ಅರ್ಥ ಅದೇ. ಹೊಣೆ ಷೇರಿನ ಮಟ್ಟಿಗೆ ಮಾತ್ರ.

ಆದರೆ ಜಾಮೀನು ಉಳಿದಿದೆ. ಕೆಲವು ವರ್ಷಗಳ ಹಿಂದೆ ನೆರೆಯವರೊಬ್ಬರ ಬೋರ್‌ವೆಲ್ ಸಾಲಕ್ಕೆ ನಾವು ಜಾಮೀನು ಹಾಕಿದ್ದೆವು. ನೀರು ಬೀಳಲಿಲ್ಲ. ಅವರು ಊರು ಬಿಟ್ಟರು, ನೋಟೀಸು ನಮ್ಮ ಮನೆಗೆ ಬಂತು. ಜೋಡಿ ಎತ್ತು ಮಾರಿ ಸುಸ್ತಿ ಕಟ್ಟಿದೆವು. ಇನ್ನು ಯಾರಿಗೂ ಸಹಿ ಹಾಕಲ್ಲ ಎಂದು ಅವತ್ತೇ ಮನೆಯವರ ಮುಂದೆ ಆಣೆ ಮಾಡಿದ್ದೆವು. ರೈಫೈಸನ್ನರ ಕಥೆ ಓದುವಾಗೆಲ್ಲ ಆ ಎತ್ತುಗಳು ನೆನಪಾಗುತ್ತವೆ. ತನ್ನ ಹೊಲ ಮನೆಯನ್ನೆಲ್ಲ ಪಕ್ಕದವನ ಸಾಲಕ್ಕೆ ಒಡ್ಡಿ ಕೂರಲು ಆ ಬಡ ರೈತರಿಗೆ ಎಲ್ಲಿಂದ ಧೈರ್ಯ ಬಂತೋ. ದೇವರು ಕಾಯುತ್ತಾನೆ ಎಂದು ಬಾಯಲ್ಲಿ ಹೇಳೋದು ಸುಲಭ, ಕಾಗದಕ್ಕೆ ಸಹಿ ಹಾಕೋದು ಕಷ್ಟ.

ಈ ಮುಂಗಾರಿಗೆ ಅದೇ ನೆರೆಯವರ ಮಗ ಊರಿಗೆ ವಾಪಸು ಬಂದಿದ್ದಾನೆ. ಎರಡು ಹಸು ಕಟ್ಟುತ್ತೀನಿ, ಸೊಸೈಟಿ ಸಾಲಕ್ಕೆ ನೀವೇ ಜಾಮೀನು ನಿಲ್ಲಬೇಕು ಅಂತ ಮನೆಗೆ ಬಂದ. ಅಪ್ಪ ಮಾಡಿದ್ದು ಗೊತ್ತಿದೆ ಅಂತಲೂ ಅವನೇ ಅಂದ, ತಲೆ ತಗ್ಗಿಸಿಕೊಂಡು. ಮನೆಯವರು ಕಾಫಿ ಕೊಟ್ಟರು, ಮಾತಾಡಲಿಲ್ಲ. ಅರ್ಜಿ ನಮ್ಮ ಗೋಡೆಯ ಗೂಡಿನಲ್ಲಿ ಪಹಣಿಗಳ ಕೆಳಗೆ ಇದೆ. ಸೋಮವಾರ ಸಾಲ ಸಮಿತಿ ಸಭೆ.