ಸಿಸ್ಟರ್ ಕೊರಿಟಾ: ಸ್ಕ್ರೀನ್ ಪ್ರಿಂಟಿಂಗ್ ಆರಿಸಿಕೊಂಡ ಶಿಕ್ಷಕಿ

ಕೊರಿಟಾ ಕೆಂಟ್ ಹುಟ್ಟಿದ್ದು 1918ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ಬೆಳೆದದ್ದು ಲಾಸ್ ಏಂಜಲಿಸ್ ನಗರದಲ್ಲಿ. ಪ್ರೌಢಶಾಲೆ ಮುಗಿಸಿದ ಮೇಲೆ 1936ರಲ್ಲಿ ಅಲ್ಲಿನ ಇಮ್ಯಾಕ್ಯುಲೇಟ್ ಹಾರ್ಟ್ ಸನ್ಯಾಸಿನಿಯರ ಸಂಘ ಸೇರಿದರು. ಮೊದಲು ಚಿಕ್ಕ ಮಕ್ಕಳಿಗೆ ಪಾಠ ಹೇಳಿ, ನಂತರ ಸಂಘದ ಕಾಲೇಜಿನಲ್ಲಿ ಚಿತ್ರಕಲೆಯ ಅಧ್ಯಾಪಕಿಯಾದರು.

ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಯಾದ ನನ್ನನ್ನು ಈ ಚಿತ್ರಕಲಾವಿದೆಯ ಬದುಕು ಹಿಡಿದು ನಿಲ್ಲಿಸಿದ್ದು ಒಂದೇ ಕಾರಣಕ್ಕೆ. ಅವರು ಆರಿಸಿಕೊಂಡ ಮಾಧ್ಯಮ ಒಬ್ಬ ಶಿಕ್ಷಕಿ ಆರಿಸಿಕೊಳ್ಳುವಂಥದ್ದು.

ಮದುವೆ ಕಾರ್ಡು, ಬಟ್ಟೆ ಚೀಲಗಳಿಂದ ಸ್ಕ್ರೀನ್ ಪ್ರಿಂಟಿಂಗ್ ನಮಗೆ ಪರಿಚಿತ. ಚೌಕಟ್ಟಿಗೆ ಬಿಗಿದ ತೆಳು ರೇಷ್ಮೆ ಬಟ್ಟೆಯಲ್ಲಿ ಶಾಯಿ ಇಳಿಯಬಾರದ ಜಾಗಗಳನ್ನು ಮುಚ್ಚಬೇಕು. ಮೇಲೆ ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ, ತೆರೆದ ಜಾಗದಲ್ಲಿ ಮಾತ್ರ ಅದು ಕಾಗದಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಬೇರೆ ಪರದೆ. ಕೊರಿಟಾ ಈ ವಿಧಾನವನ್ನು ಕಲಿತದ್ದು 1951ರ ಸುಮಾರಿಗೆ, ಮೆಕ್ಸಿಕೊದ ಚಿತ್ರಕಾರ ಆಲ್ಫ್ರೆಡೊ ರಾಮೋಸ್ ಮಾರ್ಟಿನೆಸ್ ಅವರ ಪತ್ನಿ ಮರಿಯಾ ಅವರಿಂದ. 1952ರಲ್ಲೇ ಅವರ ಮುದ್ರಣವೊಂದಕ್ಕೆ ಲಾಸ್ ಏಂಜಲಿಸ್ ಕೌಂಟಿ ವಸ್ತುಸಂಗ್ರಹಾಲಯದ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಬಂತು.

ಕ್ಯಾನ್ವಾಸ್ ಚಿತ್ರ ಒಂದೇ ಇರುತ್ತದೆ. ಅದು ಕೊಂಡವರ ಗೋಡೆ ಸೇರುತ್ತದೆ. ಸ್ಕ್ರೀನಿನಿಂದ ಇಳಿದ ಪ್ರತಿ ಹಾಳೆಯೂ ಮೂಲವೇ. ಬೆಲೆ ಕಡಿಮೆ ಇಟ್ಟರೆ ಸಾಮಾನ್ಯರ ಮನೆಗೂ ಹೋಗುತ್ತದೆ. ಕೊರಿಟಾಗೆ ಬೇಕಿದ್ದದ್ದು ಅದೇ. ಜೊತೆಗೆ ಇದು ಹಲವು ಕೈಗಳ ಕೆಲಸ. ಪಾಠಗಳ ನಡುವಿನ ರಜೆಯಲ್ಲಿ ವಿದ್ಯಾರ್ಥಿನಿಯರೂ ಸಂಘದ ಸಹೋದರಿಯರೂ ಹಾಳೆ ಎತ್ತಿ ಒಣಗಲು ಹಾಕುತ್ತಾ ನೆರವಾಗುತ್ತಿದ್ದರು.

1962ರಲ್ಲಿ ಆಂಡಿ ವಾರ್ಹೋಲ್ ಅವರ ಸೂಪ್ ಡಬ್ಬಿಗಳ ಚಿತ್ರಗಳನ್ನು ನೋಡಿದ ಮೇಲೆ ಕೊರಿಟಾ ಅವರ ಮುದ್ರಣಗಳಿಗೆ ಅಂಗಡಿ ಬೀದಿ ನುಗ್ಗಿತು. ಬ್ರೆಡ್ ಪೊಟ್ಟಣದ ಬಣ್ಣದ ಚುಕ್ಕೆಗಳು, ಜಾಹೀರಾತಿನ ದಪ್ಪ ಅಕ್ಷರಗಳು ಭಕ್ತಿಯ, ಹಸಿವಿನ, ಯುದ್ಧವಿರೋಧದ ಮಾತಾದವು. ವಿದ್ಯಾರ್ಥಿಗಳನ್ನು ಪೆಟ್ರೋಲ್ ಬಂಕಿಗೂ ಮಾರುಕಟ್ಟೆಗೂ ಕರೆದೊಯ್ದು, ನಡುವೆ ಚೌಕ ಕತ್ತರಿಸಿದ ಸಣ್ಣ ರಟ್ಟನ್ನು ಕೈಗೆ ಕೊಟ್ಟು, ಅದರೊಳಗೆ ಕಂಡದ್ದನ್ನಷ್ಟೇ ನೋಡಲು ಹೇಳುತ್ತಿದ್ದರು.

ಇದು ಎಲ್ಲರಿಗೂ ಹಿಡಿಸಲಿಲ್ಲ. ನಗರದ ಕಾರ್ಡಿನಲ್ ಮೆಕಿಂಟೈರ್ ಅವರಿಗೆ ಈ ಚಿತ್ರಗಳೂ ಸಂಘದ ಹೊಸ ನಡೆಗಳೂ ಅಸಮಾಧಾನ ತಂದವು. ವಿಭಾಗದ ಮುಖ್ಯಸ್ಥೆಯ ಹೊಣೆ, ಬಿಡುವಿಲ್ಲದ ಉಪನ್ಯಾಸಗಳು ಸೇರಿ ಕೊರಿಟಾ ದಣಿದರು. 1968ರಲ್ಲಿ ಮೂವತ್ತೆರಡು ವರ್ಷಗಳ ಸಂಘವನ್ನೂ ಕಾಲೇಜನ್ನೂ ಬಿಟ್ಟು ಬಾಸ್ಟನ್ನಿನಲ್ಲಿ ಒಂಟಿಯಾಗಿ ನೆಲೆಸಿದರು. ಮುದ್ರಣ ನಿಲ್ಲಲಿಲ್ಲ. ಆದರೆ ಅವರ ವಿನ್ಯಾಸಗಳನ್ನು ಮುದ್ರಿಸಿದ್ದು ವೃತ್ತಿಪರ ಮುದ್ರಣಾಲಯ. ಸುತ್ತ ವಿದ್ಯಾರ್ಥಿಗಳ ಕೈಗಳಿರಲಿಲ್ಲ. ಈ ನಷ್ಟವನ್ನು ಅವರ ಬದುಕಿನ ಗೆಲುವುಗಳ ಪಟ್ಟಿಯಲ್ಲಿ ಮರೆಯಬಾರದು ಎಂದು ನನಗನಿಸುತ್ತದೆ.

1985ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಪ್ರೀತಿಯ ಅಂಚೆಚೀಟಿ ಹೊರತಂದಿತು. ಅದು 70 ಕೋಟಿಗೂ ಹೆಚ್ಚು ಅಚ್ಚಾಯಿತು. ಮರುವರ್ಷ, 1986ರಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡರು.

ಬೋಧನೋಪಕರಣ ಎಂದರೆ ದುಬಾರಿ ಚಾರ್ಟು, ಮಾದರಿ ಎಂದೇ ನಾವು ಪಾಠ ಯೋಜನೆ ಬರೆಯುತ್ತೇವೆ. ಒಂದು ಚೌಕದ ರಂಧ್ರವಿರುವ ರಟ್ಟು ಸಾಕು, ತರಗತಿಯ ಪ್ರತಿ ಮಗುವಿಗೂ ಒಂದೊಂದು. ಎಂಟನೇ ತರಗತಿಯ ಮಕ್ಕಳೊಂದಿಗೆ ಎಲೆಯ ನರಗಳನ್ನು ಅದರಲ್ಲೇ ನೋಡುವ ಪಾಠವನ್ನು ಈಗ ಬರೆಯುತ್ತಿದ್ದೇನೆ.