ಸಮುದ್ರದಲ್ಲಿ ದಾರಿ ತೋರಿದ ಬಡಗಿಯ ಮಗ: ಜಾನ್ ಹ್ಯಾರಿಸನ್

ಮಕ್ಕಳೇ, ಇಸ್ತ್ರಿಪೆಟ್ಟಿಗೆ ಹದವಾಗಿ ಕಾದ ಕೂಡಲೇ ಅದರ ಪುಟ್ಟ ದೀಪ ತಾನಾಗಿಯೇ ಆರುವುದನ್ನು ನೀವು ನೋಡಿರಬಹುದು. ಹಲವು ಇಸ್ತ್ರಿಪೆಟ್ಟಿಗೆಗಳಲ್ಲಿ ಈ ಕೆಲಸ ಮಾಡುವುದು ಒಂದಕ್ಕೊಂದು ಅಂಟಿಸಿದ ಎರಡು ಲೋಹಗಳ ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಆಗ ಪಟ್ಟಿ ಬಾಗಿ ವಿದ್ಯುತ್ತಿನ ದಾರಿಯನ್ನು ಕಡಿಯುತ್ತದೆ. ಈ ದ್ವಿಲೋಹ ಪಟ್ಟಿಯನ್ನು ಮೊದಲು ರೂಪಿಸಿದವನು ಇಸ್ತ್ರಿಪೆಟ್ಟಿಗೆ ಮಾಡಲು ಹೊರಟವನಲ್ಲ. ಹಡಗುಗಳು ಬಂಡೆಗೆ ಬಡಿದು ಮುಳುಗದಂತೆ ಮಾಡಲು ಹೊರಟವನು. ಆತನೇ ಇಂಗ್ಲೆಂಡಿನ ಜಾನ್ ಹ್ಯಾರಿಸನ್.

ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಯಾರ್ಕ್‌ಷೈರಿನ ಫೌಲ್ಬಿ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ. ಮಗನೂ ಅದೇ ಕಸುಬು ಕಲಿತ. ದೊಡ್ಡ ಓದು ಓದಲಿಲ್ಲ. ಆದರೆ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, 1713ರಲ್ಲಿ, ಬಹುಪಾಲು ಮರದಿಂದಲೇ ಒಂದು ಗಡಿಯಾರ ಮಾಡಿದ. ಮುಂದೆ ತನ್ನಷ್ಟಕ್ಕೇ ಜಿಡ್ಡು ಒಸರುವ ಮರವನ್ನು ಬಳಸಿ, ಎಣ್ಣೆ ಹಾಕಬೇಕಿಲ್ಲದ ಗಡಿಯಾರವನ್ನೂ ಮಾಡಿದ.

ಆಗ ಸಮುದ್ರಯಾನದಲ್ಲಿ ಒಂದು ದೊಡ್ಡ ತೊಂದರೆ ಇತ್ತು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರ ಇದ್ದೇವೆ ಎಂಬುದನ್ನು ಧ್ರುವ ನಕ್ಷತ್ರದ ಎತ್ತರ ನೋಡಿ ಹೇಳಬಹುದಿತ್ತು. ಇದು ಅಕ್ಷಾಂಶ. ಆದರೆ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಬಂದಿದ್ದೇವೆ ಎಂಬ ರೇಖಾಂಶವನ್ನು ನಡುಗಡಲಿನಲ್ಲಿ ನಿಖರವಾಗಿ ತಿಳಿಯುವ ದಾರಿ ಇರಲಿಲ್ಲ. 1707ರಲ್ಲಿ ಬ್ರಿಟನ್ನಿನ ನಾಲ್ಕು ಯುದ್ಧನೌಕೆಗಳು ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು.

1714ರಲ್ಲಿ ಬ್ರಿಟನ್ನಿನ ಸಂಸತ್ತು ಒಂದು ಕಾನೂನು ಮಾಡಿತು. ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಸರಿಯಾಗಿ ತಿಳಿಸುವ ವಿಧಾನ ಕಂಡುಹಿಡಿದವರಿಗೆ 20,000 ಪೌಂಡ್ ಬಹುಮಾನ. ಇದನ್ನು ನೋಡಿಕೊಳ್ಳಲು ರೇಖಾಂಶ ಮಂಡಳಿ ರಚನೆಯಾಯಿತು. ಆ ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು. ಆಶಾದಾಯಕವಾದ ಪ್ರಯೋಗಗಳಿಗೆ ಮಂಡಳಿ 2,000 ಪೌಂಡ್‌ವರೆಗೆ ಮುಂಗಡ ಹಣ ಕೊಡಬಹುದು. ಗೆದ್ದ ಮೇಲೆ ಬಹುಮಾನ ಕೊಟ್ಟರೆ ಸಾಲದು, ಗೆಲ್ಲುವ ತನಕ ಕೆಲಸ ಮಾಡಲೂ ಹಣ ಬೇಕಲ್ಲವೇ?

ಗಡಿಯಾರಕ್ಕೂ ರೇಖಾಂಶಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, 4 ನಿಮಿಷಕ್ಕೆ 1 ಡಿಗ್ರಿ. ಹಡಗಿನಲ್ಲಿ ಸೂರ್ಯ ನೆತ್ತಿಯ ಕಡೆ ಬಂದು ನಡುಹಗಲಾದಾಗ, ಹೊರಟ ಊರಿನಲ್ಲಿ ಗಂಟೆ ಎಷ್ಟು ಎಂದು ಗೊತ್ತಾದರೆ ಎರಡೂ ಸ್ಥಳಗಳ ನಡುವಿನ ರೇಖಾಂಶದ ವ್ಯತ್ಯಾಸ ಸಿಕ್ಕಿಬಿಡುತ್ತದೆ. ಅರ್ಧ ಡಿಗ್ರಿ ಎಂದರೆ 2 ನಿಮಿಷ. ಆರು ವಾರಗಳ ಪ್ರಯಾಣದಲ್ಲಿ ತಪ್ಪು ಅಷ್ಟರೊಳಗೆ ಇರಬೇಕಾದರೆ, ಗಡಿಯಾರ ದಿನಕ್ಕೆ ಸುಮಾರು 3 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯದು. ಸೆಕೆಗೆ ಲೋಹ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ. ಇಂಥ ಗಡಿಯಾರ ಸಾಧ್ಯವೇ ಇಲ್ಲ ಎಂದು ದೊಡ್ಡ ವಿದ್ವಾಂಸರೇ ಸಂದೇಹಪಟ್ಟಿದ್ದರು.

1730ರ ಸುಮಾರಿಗೆ ಹ್ಯಾರಿಸನ್ ತನ್ನ ನಕ್ಷೆಗಳೊಂದಿಗೆ ಲಂಡನ್ನಿಗೆ ಬಂದ. ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಆತನನ್ನು ಹೆಸರಾಂತ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ಬಳಿಗೆ ಕಳಿಸಿದ. ಗ್ರಹಾಂ ಬಡ್ಡಿಯಿಲ್ಲದೆ ಹಣ ಕೊಟ್ಟು ಬೆನ್ನು ತಟ್ಟಿದ. ಹೀಗೆ ಸಿದ್ಧವಾಯಿತು ಮೊದಲ ಕಡಲ ಗಡಿಯಾರ. ಅದರ ತೂಕ ಸುಮಾರು 34 ಕಿಲೋಗ್ರಾಂ! 1736ರಲ್ಲಿ ಹ್ಯಾರಿಸನ್ ಅದರೊಂದಿಗೆ ಲಿಸ್ಬನ್ನಿಗೆ ಹೋಗಿ ಬಂದ. ಮರಳುವಾಗ ಎದುರಿಗೆ ಕಂಡ ನೆಲ ಯಾವುದೆಂದು ಹಡಗಿನವರು ಮಾಡಿದ ಅಂದಾಜು ತಪ್ಪು, ಅದು ಸುಮಾರು 100 ಕಿಲೋಮೀಟರ್ ಪಶ್ಚಿಮದ ಲಿಜರ್ಡ್ ಭೂಶಿರ ಎಂದು ಹ್ಯಾರಿಸನ್ ಹೇಳಿದ. ಆತನ ಮಾತೇ ನಿಜವಾಯಿತು.

1737ರಲ್ಲಿ ಮಂಡಳಿ ಸಭೆ ಸೇರಿತು. ಹ್ಯಾರಿಸನ್ ಅಲ್ಲಿ ತನ್ನ ಗಡಿಯಾರದ ಕೊರತೆಗಳನ್ನು ತಾನೇ ಎತ್ತಿ ಹೇಳಿ, ಇನ್ನೂ ಉತ್ತಮವಾದದ್ದನ್ನು ಮಾಡಲು ನೆರವು ಕೇಳಿದ. ಮಂಡಳಿ 500 ಪೌಂಡ್ ಮಂಜೂರು ಮಾಡಿತು. ಅರ್ಧ ಕೂಡಲೇ, ಉಳಿದರ್ಧ ಕೆಲಸ ಮುಗಿದ ಮೇಲೆ. ಮುಂದೆಯೂ ಹಲವು ಬಾರಿ ಹೀಗೆ ಹಣ ಬಂತು. ಒಂದು ಪುಟ್ಟ ಕಾರ್ಯಾಗಾರದ ಸಂಶೋಧನೆಯನ್ನು ಒಂದು ಸರ್ಕಾರ ವರ್ಷಾನುಗಟ್ಟಲೆ ಪೋಷಿಸಿದ ಅಪರೂಪದ ಉದಾಹರಣೆ ಇದು.

ಎರಡನೆಯ ಗಡಿಯಾರದಲ್ಲಿ, ಹಡಗು ತಿರುಗುವಾಗ ವೇಳೆ ತಪ್ಪುವ ದೋಷವನ್ನು ಹ್ಯಾರಿಸನ್ ತಾನೇ ಕಂಡುಕೊಂಡು ಅದನ್ನು ಕೈಬಿಟ್ಟ. ಮೂರನೆಯದಕ್ಕೆ 19 ವರ್ಷ ಹಿಡಿಯಿತು. ಅದೂ ಗುರಿ ಮುಟ್ಟಲಿಲ್ಲ. ಆದರೆ ದ್ವಿಲೋಹ ಪಟ್ಟಿ ಮತ್ತು ಇಂದಿನ ಬೇರಿಂಗುಗಳಿಗೆ ಮೂಲವಾದ ಉರುಳೆ ಬೇರಿಂಗ್, ಈ ಎರಡೂ ಹುಟ್ಟಿದ್ದು ಆ ಸೋತ ಗಡಿಯಾರದಲ್ಲೇ!

1759ರಲ್ಲಿ ನಾಲ್ಕನೆಯದು ಸಿದ್ಧವಾಯಿತು. ಅದು 13 ಸೆಂಟಿಮೀಟರ್ ಅಗಲದ ಕೈಗಡಿಯಾರದಂಥ ವಸ್ತು. ಕೀಲಿ ಕೊಟ್ಟಾಗ ನಮ್ಮ ಕೈಯ ಶಕ್ತಿ ಸ್ಪ್ರಿಂಗಿನಲ್ಲಿ ಸಂಗ್ರಹವಾಗುತ್ತದೆ. ಸ್ಪ್ರಿಂಗ್ ಸಡಿಲಾದಂತೆ ಅದರ ಬಲ ಕುಗ್ಗುತ್ತದೆ. ಆದ್ದರಿಂದ ದೊಡ್ಡ ಸ್ಪ್ರಿಂಗ್ ಒಂದು ಪುಟ್ಟ ಸ್ಪ್ರಿಂಗಿಗೆ ನಿಮಿಷಕ್ಕೆ 8 ಬಾರಿ ಕೀಲಿ ಕೊಡುವಂತೆ ಹ್ಯಾರಿಸನ್ ಏರ್ಪಾಡು ಮಾಡಿದ. ಹೀಗೆ ಶಕ್ತಿ ಒಂದೇ ಸಮನೆ ಹರಿಯಿತು. 1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಗೆ ಒಯ್ದ. 81 ದಿನಗಳ ನಂತರ ಬಂದ ತಪ್ಪು ಕೇವಲ 5 ಸೆಕೆಂಡು!

ಆದರೆ ಮಂಡಳಿ ಬಹುಮಾನ ಕೊಡಲಿಲ್ಲ. ಇದು ಅದೃಷ್ಟದ ಫಲವಿರಬಹುದು, ಮತ್ತೊಮ್ಮೆ ಪರೀಕ್ಷೆಯಾಗಲಿ ಎಂದಿತು. 1764ರ ಬಾರ್ಬಡೋಸ್ ಯಾನದಲ್ಲೂ ಗಡಿಯಾರ ಗೆದ್ದಿತು. ಆಗ ಅರ್ಧ ಹಣ ಮಾತ್ರ ಸಿಕ್ಕಿತು, ಅದೂ ಗಡಿಯಾರ ಬಿಚ್ಚಿ ಗುಟ್ಟು ವಿವರಿಸಿದ ಮೇಲೆ. ಬೇರೆಯವರೂ ಇಂಥದ್ದನ್ನು ಮಾಡಬಲ್ಲರೆಂದು ತೋರಿಸಿದರೆ ಉಳಿದದ್ದು ಎಂಬ ಷರತ್ತು ಬಂತು. ಮುದುಕನಾಗಿದ್ದ ಹ್ಯಾರಿಸನ್ನನಿಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು. ಯೋಚಿಸಿ ನೋಡಿ, ಮಕ್ಕಳೇ. ಇಡೀ ಬದುಕು ಸವೆಸಿದವನಿಗೆ ಗೆದ್ದ ಮೇಲೂ ಹೊಸ ಹೊಸ ಷರತ್ತು ಹಾಕುವುದು ಸರಿಯೇ? ಇನ್ನೊಂದು ಕಡೆ, ಒಬ್ಬನೇ ಮಾಡಬಲ್ಲ ಒಂದೇ ಗಡಿಯಾರದಿಂದ ಎಲ್ಲ ಹಡಗುಗಳೂ ಉಳಿದಾವೇ? ಜನರ ತೆರಿಗೆಯ ಹಣ ಕೊಡುವವರು ಈ ಪ್ರಶ್ನೆ ಕೇಳಲೇಬೇಕು. ಆದರೆ ಷರತ್ತನ್ನು ಮೊದಲೇ ಹೇಳಬೇಕು.

ಕೊನೆಗೆ ದೊರೆ ಮೂರನೆಯ ಜಾರ್ಜ್ ಹ್ಯಾರಿಸನ್ನನ ಐದನೆಯ ಗಡಿಯಾರವನ್ನು 1772ರಲ್ಲಿ ತನ್ನ ವೀಕ್ಷಣಾಲಯದಲ್ಲೇ ಪರೀಕ್ಷಿಸಿ ಮೆಚ್ಚಿದ. 1773ರಲ್ಲಿ ಸಂಸತ್ತು 8,750 ಪೌಂಡ್ ಕೊಟ್ಟಿತು. ಆಗ ಹ್ಯಾರಿಸನ್‌ಗೆ 80 ವರ್ಷ. 1776ರಲ್ಲಿ ಆತ ತೀರಿಕೊಂಡ. ಲಾರ್ಕಂ ಕೆಂಡಾಲ್ ಮಾಡಿದ ಆ ನಾಲ್ಕನೆಯ ಗಡಿಯಾರದ ಪ್ರತಿಯನ್ನು ಕ್ಯಾಪ್ಟನ್ ಕುಕ್ 1772ರಿಂದ 1775ರವರೆಗಿನ ಯಾನದಲ್ಲಿ ಬಳಸಿ ಹೊಗಳಿದ. ಮುಂದೆ ಬೇರೆ ಕುಶಲಕರ್ಮಿಗಳು ಸರಳ ಗಡಿಯಾರಗಳನ್ನು ಮಾಡಿದರು. 1831ರಲ್ಲಿ ಡಾರ್ವಿನ್ ಹೊರಟ ಬೀಗಲ್ ಹಡಗಿನಲ್ಲಿ ಅಂಥ 22 ಗಡಿಯಾರಗಳಿದ್ದವು.

1982ರಲ್ಲಿ ಅಮೆರಿಕ ಸಣ್ಣ ಉದ್ಯಮಗಳ ಸಂಶೋಧನೆಗೆ ಸರ್ಕಾರದ ಹಣ ಕೊಡುವ ಕಾನೂನು ಮಾಡಿತು. ಇಂಧನ ಇಲಾಖೆಯೂ ಅದರಲ್ಲಿ ಸೇರಿತ್ತು. ಮೊದಲು ಚಿಕ್ಕ ಮೊತ್ತ, ಕೆಲಸ ಭರವಸೆ ಮೂಡಿಸಿದರೆ ದೊಡ್ಡ ಮೊತ್ತ ಎಂಬುದು ಅದರ ಕ್ರಮ. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆಯೂ 2005ರಲ್ಲಿ ಇಂಥದೇ ಯೋಜನೆ ಆರಂಭಿಸಿತು. ಬಡಗಿಯ ಮಗನಿಗೆ ಸಿಕ್ಕ ಆ 500 ಪೌಂಡ್ ಈಗ ನೆನಪಾಗುವುದಿಲ್ಲವೇ?

ಮಾಡಿ ನೋಡಿ: ಏಪ್ರಿಲ್ 15, ಸೆಪ್ಟೆಂಬರ್ 1 ಅಥವಾ ಡಿಸೆಂಬರ್ 25ರಂದು ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು ಅತಿ ಚಿಕ್ಕದಾದ ವೇಳೆಯನ್ನು ಬರೆದುಕೊಳ್ಳಿ. ಅದು 12 ಗಂಟೆಯಿಂದ ಎಷ್ಟು ನಿಮಿಷ ತಡವೋ ಅದನ್ನು 4ರಿಂದ ಭಾಗಿಸಿ, 82.5ರಿಂದ ಕಳೆಯಿರಿ. ಅದೇ ನಿಮ್ಮ ಊರಿನ ರೇಖಾಂಶ. ಬೆಂಗಳೂರಿನಲ್ಲಿ ಸುಮಾರು 20 ನಿಮಿಷ ತಡ, ಅಂದರೆ 77.5 ಡಿಗ್ರಿ. ನಿಮ್ಮ ಊರಿನದೆಷ್ಟು? ಭೂಪಟದೊಂದಿಗೆ ಹೋಲಿಸಿ ನೋಡಿ.