ಹಿಮದ ನಾಡಿನಲ್ಲಿ ಕಲಿತ ಪಾಠ

ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದ ಗೃಹಸ್ಥನ ಹೆಸರನ್ನು ಅಂಗಡಿಯವರು ಬಲ್ಲಷ್ಟು ವಿದ್ಯಾರ್ಥಿಗಳು ಬಲ್ಲರೆಂದು ನನಗೆ ತೋರುವುದಿಲ್ಲ. ಹೆಸರು ಸರಕಿನ ಪೊಟ್ಟಣದ ಮೇಲೇರಿತೆಂದರೆ ಮನುಷ್ಯನು ಅದರ ಹಿಂದೆ ಮರೆಯಾಗುವುದುಂಟು. ಸಮುದ್ರದಿಂದ ನೂರಾರು ಮೈಲಿ ಒಳಗಿರುವ ಜನವಾಡದಲ್ಲಿ ಕುಳಿತು ಮೀನಿನ ಉದ್ಯಮಿಯೊಬ್ಬನ ಚರಿತ್ರೆಯನ್ನು ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಕಡಲ ಮೀನು ಸತ್ತ್ವಗೆಡದೆ ಒಳನಾಡಿಗೆ ಬರುವ ಬಗೆ ಹೇಗೆ ಎಂಬ ಪ್ರಶ್ನೆ ತೀರವಾಸಿಗಳಿಗಿಂತ ನಮ್ಮಂಥವರಿಗೇ ಹೆಚ್ಚು ಸಂಬಂಧಪಟ್ಟದ್ದು. ಮಾಂಜ್ರಾ ನದಿಯ ಮೀನನ್ನು ಹಿಡಿದ ದಿನವೇ ಬೇಯಿಸಬಹುದು. ಬಂಗುಡೆಗೆ ಆ ಅನುಕೂಲವಿಲ್ಲ.

ಬರ್ಡ್ಸ್‌ಐ ಹುಟ್ಟಿದ್ದು ೧೮೮೬ರ ಡಿಸೆಂಬರ್ ೯ರಂದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ಆಮ್ಹರ್ಸ್ಟ್ ಕಾಲೇಜನ್ನು ಸೇರಿದನಾದರೂ ಹಣದ ಅಡಚಣೆಯಿಂದ ಪದವಿ ಮುಗಿಸಲಿಲ್ಲ. ಸರಕಾರದ ಜೀವಿ ಸಮೀಕ್ಷೆಯ ಇಲಾಖೆಯಲ್ಲಿ ಕೆಲಕಾಲ ದುಡಿದು, ೧೯೧೨ರಲ್ಲಿ ಕೆನಡದ ಪೂರ್ವತೀರದ ಲ್ಯಾಬ್ರಡಾರಿಗೆ ತೆರಳಿ ತುಪ್ಪುಳದ ವ್ಯಾಪಾರಕ್ಕಿಳಿದನು. ೧೯೧೫ರಲ್ಲಿ ಎಲಿನಾರ್ ಗ್ಯಾರೆಟ್ ಎಂಬಾಕೆಯನ್ನು ವರಿಸಿ, ಮರುವರ್ಷ ಪತ್ನಿಯನ್ನೂ ಹಸುಗೂಸನ್ನೂ ಆ ಹಿಮದ ಬೀಡಿಗೇ ಕರೆದೊಯ್ದನು. ಆ ತಾಯಿಯ ಧೈರ್ಯವನ್ನು ಕುರಿತು ಚರಿತ್ರಕಾರರು ಇನ್ನಷ್ಟು ಬರೆಯಬೇಕಿತ್ತೆಂದು ನನ್ನ ಭಾವನೆ.

ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರು ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಮೀನು ಹಿಡಿಯುತ್ತಿದ್ದರು. ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಗಾಳಿ ತಾಕಿದೊಡನೆ ಮೀನು ಕಲ್ಲಾಗುತ್ತಿತ್ತು. ತಿಂಗಳುಗಳ ಬಳಿಕ ಕರಗಿಸಿದರೂ ರುಚಿಯಲ್ಲಿ ಹೊಸದರಂತೆಯೇ ಇರುತ್ತಿತ್ತು. ನ್ಯೂಯಾರ್ಕಿನಲ್ಲಿ ಮಾರುತ್ತಿದ್ದ ಹೆಪ್ಪುಗಟ್ಟಿದ ಮೀನಾದರೋ ಕರಗಿದೊಡನೆ ನೀರೊಸರಿ ಪೇಲವವಾಗುತ್ತಿತ್ತು. ಈ ಭೇದಕ್ಕೆ ಕಾರಣ ವೇಗವೆಂಬುದನ್ನು ಬರ್ಡ್ಸ್‌ಐ ಗ್ರಹಿಸಿದನು. ಸೊನ್ನೆಯ ಕೆಳಗೆ ೧ರಿಂದ ೫ ಡಿಗ್ರಿ ಸೆಲ್ಸಿಯಸ್‌ವರೆಗಿನ ಹಂತದಲ್ಲಿ ಮೀನಿನೊಳಗಿನ ನೀರಿನ ಬಹುಭಾಗ ಹರಳುಗಟ್ಟುತ್ತದೆ. ಆ ಹಂತವನ್ನು ನಿಧಾನವಾಗಿ ದಾಟಿದರೆ ಹರಳುಗಳು ದೊಡ್ಡವಾಗಿ ಮಾಂಸದ ಕೋಶಗಳನ್ನು ಹರಿಯುತ್ತವೆ. ಶೀಘ್ರವಾಗಿ ದಾಟಿದರೆ ಸಣ್ಣವಾಗಿಯೇ ಉಳಿಯುತ್ತವೆ. ಇನ್ಯುಯಿಟರಿಗೆ ಇದು ತಲೆಮಾರುಗಳ ಅನುಭವ. ಆದರೆ ಅವರ ಹೆಸರು ಯಾವ ಪೊಟ್ಟಣದ ಮೇಲೂ ಅಚ್ಚಾಗಲಿಲ್ಲ.

ತಿಳಿವು ಬಂದ ಮಾತ್ರಕ್ಕೆ ಸಿರಿ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಅವನು ತೆರೆದ ಮೀನಿನ ಸಂಸ್ಥೆ ೧೯೨೪ರಲ್ಲಿ ದಿವಾಳಿಯಾಯಿತು. ಕೊಳ್ಳುವವರಿಗೆ ಹೆಪ್ಪುಗಟ್ಟಿದ ಮೀನೆಂದರೆ ಕೆಟ್ಟ ಮೀನೆಂದೇ ಅರ್ಥವಾಗಿತ್ತು. ಅವನು ಮ್ಯಾಸಚೂಸೆಟ್ಸಿನ ಗ್ಲಾಸ್ಟರ್ ಎಂಬ ಮೀನುಗಾರರ ಬಂದರಿಗೆ ಹೋಗಿ ಮತ್ತೆ ತೊಡಗಿದನು. ಪೊಟ್ಟಣ ಕಟ್ಟಿದ ಮೀನನ್ನು ಅತಿಶೀತಲವಾದ ಎರಡು ಲೋಹದ ಫಲಕಗಳ ನಡುವೆ ಅದುಮಿ ಹೆಪ್ಪುಗಟ್ಟಿಸುವ ಯಂತ್ರ ಅವನ ದೊಡ್ಡ ಸಾಧನೆ. ೧೯೨೯ರಲ್ಲಿ ಸಂಸ್ಥೆಯೂ ಹಕ್ಕುಗಳೂ ೨ ಕೋಟಿ ೨೦ ಲಕ್ಷ ಡಾಲರುಗಳಿಗೆ ಮಾರಾಟವಾದುವು. ೧೯೩೦ರ ಮಾರ್ಚಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದ ೧೮ ಅಂಗಡಿಗಳಲ್ಲಿ ಸರಕು ಮೊದಲಿಗೆ ಜನರ ಮುಂದೆ ಬಂದಿತು.

ಶೀಘ್ರವಾಗಿ ಹೆಪ್ಪುಗಟ್ಟಿಸಿದರೆ ಕಾರ್ಯ ಮುಗಿಯಿತೆಂದು ವಾಚಕರು ಭಾವಿಸಬಾರದು. ಮೀನಿನ ಸಸಾರಜನಕ, ಎಂದರೆ ಪ್ರೋಟೀನು, ದಾಸ್ತಾನಿನಲ್ಲಿಯೂ ವಿಕಾರಗೊಳ್ಳುತ್ತದೆ. ನೀರು ಹರಳಾದಂತೆ ಉಳಿದ ದ್ರವದಲ್ಲಿ ಲವಣಗಳು ಸಾಂದ್ರವಾಗುತ್ತವೆ. ಮಾಂಸದ ತಂತುಗಳಲ್ಲಿರುವ ಮಯೋಸಿನ್ ತನ್ನ ಸಹಜ ರಚನೆಯನ್ನು ಕಳೆದುಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಪೋಷಕಾಂಶ ಬಹುಮಟ್ಟಿಗೆ ಉಳಿದರೂ ಮಾಂಸವು ನೀರು ಹಿಡಿಯಲಾರದೆ ನಾರಾಗುತ್ತದೆ. ಕಾಡ್ ಜಾತಿಯ ಮೀನುಗಳಲ್ಲಂತೂ ಫಾರ್ಮಾಲ್ಡಿಹೈಡ್ ಹುಟ್ಟಿ ಈ ಬೆಸುಗೆಯನ್ನು ಬಿಗಿಗೊಳಿಸುತ್ತದೆ. ಸ್ಕಾಟ್ಲೆಂಡಿನ ಟಾರಿ ಸಂಶೋಧನಾ ಕೇಂದ್ರದಲ್ಲಿ ರೇ ಎಂಬ ವಿಜ್ಞಾನಿ ೧೯೩೦ರ ದಶಕದಲ್ಲಿಯೇ, ಸೊನ್ನೆಯಿಂದ ತುಸುವೇ ಕೆಳಗಿನ ಶೀತದಲ್ಲಿ ಈ ಕೇಡು ಅತಿ ವೇಗದ್ದೆಂದು ತೋರಿಸಿದನು. ಅರೆಮನಸ್ಸಿನ ಶೀತಕ್ಕಿಂತ ಅಪಾಯಕರವಾದುದಿಲ್ಲ! ಆದಕಾರಣ ಸೊನ್ನೆಯ ಕೆಳಗೆ ೧೮ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ತಣ್ಣನೆಯ ಕೋಣೆ, ನೀರಿನ ತೆಳುಗಾಜಿನ ಲೇಪ, ಏರಿಳಿತವಿಲ್ಲದ ಶೀತ, ಇವೆಲ್ಲ ಬೇಕಾದುವು. ೧೯೬೦ರ ಸುಮಾರಿಗೆ ಜಪಾನಿನ ಹೊಕ್ಕೈಡೋದಲ್ಲಿ ನಿಶಿಯಾ ಮತ್ತು ಸಂಗಡಿಗರು, ತೊಳೆದ ಮೀನಿನ ಅರೆಪಿಗೆ ಸಕ್ಕರೆ ಬೆರೆಸಿದರೆ ಸಸಾರಜನಕ ಕೆಡದೆಂದು ಕಂಡುಕೊಂಡರು. ಅದನ್ನು ನೋಡಲು ಬರ್ಡ್ಸ್‌ಐ ಬದುಕಿರಲಿಲ್ಲ.

ಈ ವಿದ್ಯೆ ನಮ್ಮ ನಾಡಿನಲ್ಲಿಯೂ ಬೇರೂರಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು ೧೯೬೯ರಲ್ಲಿ ಆರಂಭವಾಯಿತು. ೨೦೦೪ರ ಅಧಿನಿಯಮದಂತೆ ರೂಪುಗೊಂಡ, ಅದರ ಮಾತೃಸಂಸ್ಥೆಯಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿರುವುದು ಕಡಲೇ ಕಾಣದ ನಮ್ಮ ಬೀದರಿನಲ್ಲಿ! ಆದರೆ ಬಂದರಿನಲ್ಲಿ ಕಾಪಾಡಿದ ಶೀತವು ಲಾರಿಯಲ್ಲಿಯೋ ಅಂಗಡಿಯ ಪೆಟ್ಟಿಗೆಯಲ್ಲಿಯೋ ಒಮ್ಮೆ ಸಡಿಲಿದರೆ, ಸಣ್ಣ ಹರಳುಗಳು ಮತ್ತೆ ದೊಡ್ಡವಾಗುತ್ತವೆ.

ಐಶ್ವರ್ಯ ಬಂದಮೇಲೂ ಬರ್ಡ್ಸ್‌ಐ ಸುಮ್ಮನೆ ಕೂಡಲಿಲ್ಲ. ಶಾಖ ಬೀರುವ ದೀಪ, ಆಹಾರದ ನೀರು ತೆಗೆಯುವ ಕ್ರಮ, ಹೀಗೆ ಒಂದಾದಮೇಲೊಂದನ್ನು ಹಚ್ಚಿಕೊಂಡನು. ಇಳಿವಯಸ್ಸಿನಲ್ಲಿ ಪೆರು ದೇಶಕ್ಕೆ ಹೋಗಿ ಕಬ್ಬಿನ ಸಿಪ್ಪೆಯಿಂದ ಕಾಗದದ ತಿರುಳು ತೆಗೆಯುವ ಕೆಲಸದಲ್ಲಿ ನಿರತನಾದನು. ೧೯೫೬ರ ಅಕ್ಟೋಬರ್ ೭ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಅವನ ಚಿತಾಭಸ್ಮವನ್ನು ಗ್ಲಾಸ್ಟರಿನ ಕಡಲಿನಲ್ಲಿ ಬಿಟ್ಟರು.